ಸಣ್ಣ ಸೆಡಾನ್ ರಿಪೇರಿ: ಯಾವ ತೊಂದರೆಗೆ ಖರ್ಚು ಜಾಸ್ತಿ, ಯಾವುದಕ್ಕೆ ಕಮ್ಮಿ, ಮೊದಲೇ ಅಂದಾಜು ಮಾಡೋದು ಹೇಗೆ

ಎಸ್ಟಿಮೇಟ್ ಕೈಗೆ ಬಂದಾಗ ಎಲ್ಲರೂ ಮೊದಲು ನೋಡೋದು ಪಾರ್ಟಿನ ರೇಟು. ಆದ್ರೆ ದೊಡ್ಡ ಬಿಲ್ ಆಗೋದು ಎಷ್ಟೋ ಸಲ ಪಾರ್ಟಿಂದ ಅಲ್ಲ, ಅದು ಕೂತಿರೋ ಜಾಗದಿಂದ. ಇಂಜಿನ್ ಮೇಲ್ಗಡೆ ಮುಚ್ಚಳದ ಸಂದಿಲಿ ಆಯಿಲ್ ತಡೆಯೋ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಜಿನುಗ್ತಿದ್ರೆ ಒಂದಷ್ಟು ಬೋಲ್ಟ್ ಬಿಚ್ಚಿ ಹೊಸದು ಹಾಕಿದ್ರೆ ಮುಗೀತು, ಅದೇ ಆಯಿಲ್ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋ ಕ್ರ್ಯಾಂಕ್ ಸೀಲಿಂದ ಸೋರ್ತಿದ್ರೆ ಸೀಲೇನೋ ಅಗ್ಗಾನೇ, ಆದ್ರೆ ಅದನ್ನ ಮುಟ್ಟೋಕೆ ಗೇರ್‌ಬಾಕ್ಸ್ ಇಳಿಸ್ಬೇಕು. ಹಾಗಾಗಿ ರೇಟು ಕೇಳೋ ಮುಂಚೆ "ಇದನ್ನ ಹಾಕೋಕೆ ಏನೇನು ಬಿಚ್ತೀರ" ಅಂತ ಕೇಳಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ.

ಕ್ಲಚ್ಚನ್ನೇ ತಗೊಳ್ಳಿ. ದಿಬ್ಬ ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ಆರ್‌ಪಿಎಂ ಏರತ್ತೆ ಆದ್ರೆ ಸ್ಪೀಡ್ ಏರಲ್ಲ ಅಂದ್ರೆ ಪ್ಲೇಟ್ ಸವೆದಿದೆ ಅಂತ ಅರ್ಥ. ಸಣ್ಣ ಸೆಡಾನ್‌ಗಳಲ್ಲಿ ಇಂಜಿನ್ನು ಗೇರ್‌ಬಾಕ್ಸು ಎರಡೂ ಬಾನೆಟ್ ಕೆಳಗೆ ಅಡ್ಡಡ್ಡಕ್ಕೆ ಇಕ್ಕಟ್ಟಾಗಿ ಕೂತಿರತ್ತಲ್ಲ, ಆಕ್ಸಲ್ ಎಳೆದು ಮೌಂಟ್ ಬಿಚ್ಚಿ ಗೇರ್‌ಬಾಕ್ಸ್ ಇಳಿಸೋದರಲ್ಲೇ ಹೊತ್ತೆಲ್ಲ ಹೋಗಿಬಿಡತ್ತೆ, ಲೇಬರ್ ಏರೋದು ಅದಕ್ಕೇ. ಇಳಿಸಿದ ಮೇಲೆ ಬರೀ ಪ್ಲೇಟ್ ಹಾಕಿಸ್ಕೊಂಡು ದುಡ್ಡು ಉಳಿಸಿದೆ ಅಂದ್ಕೋಬೇಡಿ, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೇರಿಸಿ ಸೆಟ್ಟಾಗಿ ಹಾಕಿಸಿ, ಕ್ರ್ಯಾಂಕ್ ಸೀಲನ್ನೂ ನೋಡ್ಸಿ. ಬೇರಿಂಗ್ ಆಮೇಲೆ ಕೈಕೊಟ್ರೆ ಅದೇ ಲೇಬರ್ ಇನ್ನೊಂದು ಸಲ ಕೊಡ್ಬೇಕು.

ಟೈಮಿಂಗ್ ಬೆಲ್ಟ್, ಅಂದ್ರೆ ವಾಲ್ವು ಪಿಸ್ಟನ್ನು ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ರಬ್ಬರ್ ಬೆಲ್ಟ್, ಅದರ ಕಥೆನೂ ಇದೇ. ಯಾವಾಗ ಬದಲಾಯಿಸ್ಬೇಕು ಅನ್ನೋದು ಯಾವ ಇಂಜಿನ್ ಅನ್ನೋದರ ಮೇಲೆ ಹೋಗತ್ತೆ, ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್ ಒಳಗೆ ಎಲ್ಲೋ ಬದಲಾಯಿಸಿ ಅಂತ ಮ್ಯಾನ್ಯುಯಲ್ಲಲ್ಲಿ ಇರತ್ತೆ, ಗಾಡಿ ಓಡದಿದ್ರೂ ವರ್ಷದ ಲೆಕ್ಕ ಬೇರೆ ಇರತ್ತೆ ಯಾಕಂದ್ರೆ ರಬ್ಬರ್ ನಿಂತಲ್ಲೇ ಹಳೇದಾಗತ್ತೆ. ತುಂಬಾ ಇಂಜಿನ್‌ಗಳಲ್ಲಿ ಬೆಲ್ಟ್ ಹರಿದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಗುದ್ದತ್ತೆ, ಆಮೇಲೆ ಇಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಬಿಚ್ಚೋ ಕೆಲಸ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸೋ ಇಂಜಿನ್ನಾದ್ರೆ ಪಂಪು, ಬೆಲ್ಟ್ ಬಿಗಿ ಹಿಡಿಯೋ ಟೆನ್ಷನರ್ ಎಲ್ಲಾ ಒಟ್ಟಿಗೆ ಮಾಡ್ಸಿ. ಬೆಲ್ಟ್ ಬದಲು ಚೈನ್ ಇರೋ ಇಂಜಿನ್ನಿಗೆ ಈ ಗಡುವು ಇಲ್ಲ, ಆದ್ರೆ ಆಯಿಲ್ ಟೈಮಿಗೆ ಬದಲಾಯಿಸದೆ ಓಡಿಸಿದ್ರೆ ಚೈನೂ ಸಡಿಲ ಆಗತ್ತೆ.

ಈಗ ಇಂಜಿನ್ ಹೀಟ್ ಆಗೋದು. ಇದರಲ್ಲಿ ಯಾವಾಗ ಹೀಟ್ ಆಗತ್ತೆ ಅನ್ನೋದೇ ಮುಖ್ಯ. ಟ್ರಾಫಿಕ್ಕಲ್ಲಿ ನಿಂತಾಗ ಟೆಂಪರೇಚರ್ ಮೀಟರಿನ ಸೂಜಿ ಏರಿ, ಓಡೋಕೆ ಶುರು ಮಾಡಿದ ಮೇಲೆ ಇಳಿದ್ರೆ ರೇಡಿಯೇಟರ್ ಫ್ಯಾನ್ ಕಡೆ ನೋಡಿ, ಫ್ಯೂಸು ರಿಲೇ ಹೋಗಿದ್ರೆ ಖರ್ಚು ಏನೂ ಇಲ್ಲ ಅನ್ನೋ ಅಷ್ಟು ಕಮ್ಮಿ, ಮೋಟರ್ ಹೋಗಿದ್ರೆ ಸ್ವಲ್ಪ ಜಾಸ್ತಿ. ಸ್ಪೀಡಲ್ಲಿ ಓಡುವಾಗ್ಲೂ ಹೀಟ್ ಆದ್ರೆ ಇಂಜಿನ್ ತಣ್ಣಗಿಡೋ ಕೂಲೆಂಟ್ ಕಮ್ಮಿ ಆಗಿದ್ಯಾ, ಅದನ್ನ ರೇಡಿಯೇಟರಿಗೆ ಬಿಡೋ ಥರ್ಮೋಸ್ಟ್ಯಾಟ್ ವಾಲ್ವ್ ಮುಚ್ಚಿಕೊಂಡು ಕೂತಿದ್ಯಾ, ರೇಡಿಯೇಟರ್ ಕಟ್ಟಿದ್ಯಾ ಅಂತ ನೋಡ್ಬೇಕು. ಸೂಜಿ ಕೆಂಪಿಗೆ ಹೋದ ಮೇಲೂ ಮನೆ ಹತ್ರಾನೇ ಇದೆ ಅಂತ ಓಡಿಸಿದ್ರೆ ಥರ್ಮೋಸ್ಟ್ಯಾಟಿನ ಖರ್ಚು ಹೆಡ್ ಗ್ಯಾಸ್ಕೆಟ್ಟಿನ ಖರ್ಚಾಗತ್ತೆ. ಸೈಲೆನ್ಸರಿಂದ ನಿಲ್ಲದೆ ಬಿಳಿ ಹೊಗೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ, ಎಲ್ಲೂ ಸೋರದೆ ಕೂಲೆಂಟ್ ಖಾಲಿ, ಇವು ಹೆಡ್ ಗ್ಯಾಸ್ಕೆಟ್ ಹೋಗಿರೋ ಲಕ್ಷಣ. ಮತ್ತೆ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಬಿಚ್ಚಬೇಡಿ, ಮುಖಕ್ಕೆ ಚಿಮ್ಮತ್ತೆ.

ಸದ್ದುಗಳ ವಿಷಯದಲ್ಲಿ ಸಸ್ಪೆನ್ಷನ್ ಅಷ್ಟೇನೂ ಭಯ ಪಡೋ ಅಂಥದ್ದಲ್ಲ. ಸಣ್ಣ ಸಣ್ಣ ಗುಂಡಿಲಿ ಟಕ್ ಟಕ್ ಅಂದ್ರೆ ಸಾಮಾನ್ಯವಾಗಿ ಸಸ್ಪೆನ್ಷನ್ನಿನ ಸಣ್ಣ ಲಿಂಕ್ ರಾಡ್ ಅಥವಾ ಅಲ್ಲಿನ ರಬ್ಬರ್ ಬುಷ್, ಲಿಂಕ್ ರಾಡ್ ಅಂತೂ ಅಗ್ಗ, ಕೆಲಸನೂ ಬೇಗ ಮುಗಿಯತ್ತೆ. ಸ್ಪೀಡ್ ಏರಿದ ಹಾಗೆ ಗುಂಯ್ ಅನ್ನೋ ಸದ್ದು ಏರಿ, ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಬದಲಾದ್ರೆ ವೀಲ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟ ಅಂದ್ರೆ ಸಿವಿ ಜಾಯಿಂಟ್, ಅಂದ್ರೆ ಚಕ್ರ ತಿರುಗಿಸೋ ಆಕ್ಸಲಿನ ತುದಿಯ ಕೀಲು. ಇಲ್ಲೊಂದು ಉಳಿತಾಯ ಇದೆ: ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಹರಿದ ತಕ್ಷಣ ಕಣ್ಣಿಗೆ ಬಿದ್ರೆ ಬೂಟ್ ಮತ್ತೆ ಗ್ರೀಸಲ್ಲೇ ಮುಗಿಯತ್ತೆ, ಮಣ್ಣು ಒಳಗೆ ಹೋಗಿ ಸದ್ದು ಶುರುವಾದ ಮೇಲೆ ಜಾಯಿಂಟನ್ನೋ ಪೂರ್ತಿ ಆಕ್ಸಲನ್ನೋ ಹಾಕ್ಬೇಕು.

ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಬಂದ್ರೆ ಬದಲಾಯಿಸಿ, ಕಾಯ್ತಾ ಕೂತ್ರೆ ಕಬ್ಬಿಣ ಕಬ್ಬಿಣಕ್ಕೆ ತಾಗಿ ಡಿಸ್ಕೂ ಹೋಗತ್ತೆ. ಡಿಸ್ಕ್ ಬದಲಾಯಿಸ್ಲೇಬೇಕು ಅಂದ್ರೆ ಅಳೆದು ತೋರಿಸಿ ಅನ್ನಿ, ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇನೇ ಕೆತ್ತಿರತ್ತೆ.

ಸ್ಟಾರ್ಟ್ ಆಗ್ಲಿಲ್ಲ ಅಂತ ನೇರ ಬ್ಯಾಟರಿ ಅಂಗಡಿಗೆ ಓಡಬೇಡಿ. ಮಲ್ಟಿಮೀಟರ್ ಇಟ್ಟು ನೋಡಿ, ಇಂಜಿನ್ ಆಫ್ ಆಗಿ ಒಂದಷ್ಟು ಹೊತ್ತಾದ ಮೇಲೆ 12.6 ವೋಲ್ಟ್ ಹತ್ರ ಇದ್ರೆ ಚಾರ್ಜ್ ಫುಲ್, ಇಂಜಿನ್ ಓಡ್ತಿರುವಾಗ ಸುಮಾರು 14 ಇರಬೇಕು. ಓಡುವಾಗ್ಲೂ 12ರಲ್ಲೇ ಇದ್ರೆ ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ, ಹೊಸ ಬ್ಯಾಟರಿ ಹಾಕಿದ್ರೆ ಅದೂ ಮಲಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ರಿಪೇರಿ ಜಾಸ್ತಿ ನಡೆಯೋದು ಇಲ್ಲೇ, ಚೆಕ್ ಇಂಜಿನ್ ಲೈಟಲ್ಲೂ ಅಷ್ಟೇ. ಕಾರಿನ ಕಂಪ್ಯೂಟರಿನ ಕೋಡ್ ಓದೋ ಓಬಿಡಿ ಸ್ಕ್ಯಾನರ್ ಪಿ0301 ತೋರಿಸಿದ್ರೆ ಒಂದನೇ ಸಿಲಿಂಡರಲ್ಲಿ ಮಿಸ್‌ಫೈರ್, ಅಂದ್ರೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಅಷ್ಟೇ, ಯಾವ ಪಾರ್ಟ್ ಅಂತ ಅದು ಹೇಳಲ್ಲ. ಒಂದೊಂದು ಸಿಲಿಂಡರಿಗೂ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡೋ ಬೇರೆ ಬೇರೆ ಕಾಯಿಲ್ ಇರೋ ಗಾಡಿಲಿ ಒಂದನೇದರ ಕಾಯಿಲ್ ತೆಗೆದು ಎರಡನೇದಕ್ಕೆ ಹಾಕಿ, ಕೋಡ್ ಪಿ0302 ಆಯ್ತಾ, ಕಾಯಿಲೇ ಕೆಟ್ಟಿದೆ. ಆಗ್ಲಿಲ್ವಾ, ಪ್ಲಗ್ಗು ಇಂಜೆಕ್ಟರ್ ಕಡೆ ನೋಡಿ. ಲೈಟ್ ಮಿನುಗ್ತಿದ್ರೆ ಮಾತ್ರ ಆಮೇಲೆ ನೋಡೋಣ ಅನ್ನಬೇಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡತ್ತೆ, ಅದು ಕಾರಿನ ದುಬಾರಿ ಪಾರ್ಟುಗಳಲ್ಲಿ ಒಂದು.

ಎಸಿಗೆ ಒಂದೇ ಮಾತು, ಲೀಕ್ ಹುಡುಕದೆ ಗ್ಯಾಸ್ ತುಂಬಿಸಬೇಡಿ.

ದುಡ್ಡು ಈಗ ಕಮ್ಮಿ ಇದೆ, ಎಲ್ಲಾ ಒಟ್ಟಿಗೆ ಆಗಲ್ಲ ಅಂದ್ರೆ ವಾಲ್ವ್ ಕವರ್ ಜಿನುಗೋದು, ಲಿಂಕ್ ರಾಡ್ ಸದ್ದು, ಎಸಿ ಇವೆಲ್ಲ ಸ್ವಲ್ಪ ದಿನ ತಡೆಯತ್ತೆ, ಆಯಿಲ್ ಲೆವೆಲ್ ಮಾತ್ರ ನೋಡ್ತಾ ಇರಿ. ಬ್ರೇಕು, ಹೀಟಿಂಗು, ಗಡುವು ದಾಟಿದ ಟೈಮಿಂಗ್ ಬೆಲ್ಟು, ಸವೆದು ಸಡಿಲ ಆಗಿರೋ ಬಾಲ್ ಜಾಯಿಂಟು (ಚಕ್ರ ಹಿಡಿದಿರೋ ಕೀಲು) ಇವನ್ನ ಮಾಡ್ಸೋವರೆಗೂ ಗಾಡಿ ತೆಗೀಬೇಡಿ.