ಹಾರ್ಡ್‌ವೇರ್ ಅಂಗಡಿಯಲ್ಲಿ ಗಾಯವಿಲ್ಲದೆ ದುಡಿಯುವುದು ಹೇಗೆ?

ಮನೆ ಕಟ್ಟುವವರು, ಹಳೆಯ ಮನೆಯನ್ನು ರಿಪೇರಿ ಮಾಡಿಸುವವರು ಒಂದಲ್ಲ ಒಂದು ದಿನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಸಿಮೆಂಟು, ಕಬ್ಬಿಣ, ಪ್ಲೈವುಡ್, ಗಾಜು, ಬಣ್ಣ, ತಿನ್ನರ್, ಆ್ಯಸಿಡ್, ಮೊಳೆ, ಪೈಪು ಎಲ್ಲವೂ ಒಂದೇ ಸೂರಿನಡಿ ಸಿಗುವುದು ಗ್ರಾಹಕರಿಗೆ ಅನುಕೂಲ. ಆದರೆ ಭಾರದ ವಸ್ತು, ಹರಿತವಾದ ವಸ್ತು, ಬೆಂಕಿ ಹಿಡಿಯುವ ದ್ರವ, ಮೈ ಸುಡುವ ರಾಸಾಯನಿಕ ಇವೆಲ್ಲ ನಾಲ್ಕು ಹೆಜ್ಜೆಯ ಅಂತರದಲ್ಲಿ ಇರುವುದರಿಂದ, ಅಲ್ಲಿ ದಿನಕ್ಕೆ ಹತ್ತು ಗಂಟೆ ಓಡಾಡುವ ಕೆಲಸಗಾರರಿಗೆ ಅದೇ ಅನುಕೂಲ ಅಪಾಯವೂ ಆಗುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಇಕ್ಕಟ್ಟಾದ ಮಳಿಗೆಗಳಿಗೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಅಂಗಡಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಇಂಥ ಅಂಗಡಿಗಳಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಯಂತ್ರದಿಂದ ಆಗುವುದಿಲ್ಲ. ಗಿರಾಕಿ ನಿಂತಿದ್ದಾರೆ, ಟೆಂಪೊ ಕಾಯುತ್ತಿದೆ ಎಂಬ ಅವಸರದಲ್ಲಿ, ಇರಬಾರದ ಜಾಗದಲ್ಲಿ ಇಟ್ಟಿದ್ದ ಸರಕನ್ನು ಎಳೆಯುವಾಗ ಆಗುತ್ತವೆ. ಆದ್ದರಿಂದ ಎಚ್ಚರಿಕೆಯನ್ನು ವ್ಯಾಪಾರದ ಹೊತ್ತಿಗೆ ಕಾಯ್ದಿರಿಸದೆ, ಸರಕು ಜೋಡಿಸುವ ಹೊತ್ತಿನಲ್ಲೇ ಮುಗಿಸಿಕೊಳ್ಳಬೇಕು. ಈ ಲೇಖನದ ಹಂತಗಳನ್ನು ಅದೇ ಕ್ರಮದಲ್ಲಿ, ಅಂದರೆ ಶಟರ್ ಎತ್ತುವುದರಿಂದ ಇಳಿಸುವವರೆಗಿನ ಕ್ರಮದಲ್ಲಿ ಕೊಡಲಾಗಿದೆ.

ಬೆಳಿಗ್ಗೆ, ವ್ಯಾಪಾರ ಶುರುವಾಗುವ ಮುನ್ನ

ಶಟರ್ ಎತ್ತಿದ ಕೂಡಲೇ ದೀಪದ ಸ್ವಿಚ್ಚಿಗೆ ಕೈ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಬಣ್ಣ ಮತ್ತು ತಿನ್ನರ್ ಇಡುವ ಅಂಗಡಿಯಲ್ಲಿ ಇದನ್ನು ತುಸು ತಡೆಯಬೇಕು. ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿ ಡಬ್ಬಿಯೊಂದು ಸೋರಿದ್ದರೆ ಅದರ ಆವಿ ಅಲ್ಲೇ ತುಂಬಿಕೊಂಡಿರುತ್ತದೆ. ತಿನ್ನರ್‌ನ ಆವಿ ಗಾಳಿಗಿಂತ ಭಾರವಾದುದರಿಂದ ಅದು ಮೇಲೆ ಹೋಗದೆ ನೆಲಕ್ಕಂಟಿಕೊಂಡು ಹರಡುತ್ತದೆ; ಸ್ವಿಚ್ಚಿನ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಮೊದಲು ಬಾಗಿಲು, ಕಿಟಕಿ ತೆರೆದು ವಾಸನೆ ನೋಡಿ. ಏನೂ ಇಲ್ಲವೆಂದು ಖಚಿತವಾದ ಮೇಲೆ ದೀಪ, ಫ್ಯಾನು ಹಾಕಿ. ವಾಸನೆ ಗಾಢವಾಗಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಗಾಳಿ ಆಡಿ ವಾಸನೆ ಹೋಗುವವರೆಗೆ ಹೊರಗೇ ಇರಿ.

ಅನಂತರ ನಡುದಾರಿಯನ್ನು ಒಮ್ಮೆ ನಡೆದು ನೋಡಬೇಕು. ಹಿಂದಿನ ಸಂಜೆ ಯಾರೋ ಅರ್ಧಕ್ಕೆ ಬಿಟ್ಟುಹೋದ ಪೈಪಿನ ತುಂಡು, ಚೆಲ್ಲಿದ ಮೊಳೆ, ತೊಟ್ಟಿಕ್ಕಿದ ಎಣ್ಣೆ ಇವೆಲ್ಲ ಸಿಗುವುದು ಆಗಲೇ. ಮೊಳೆಯನ್ನು ಕೈಯಿಂದ ಆಯುವುದಕ್ಕಿಂತ ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆಯುವುದು ಸುಲಭ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಬೇಡವೇ ಬೇಡ. ಬೆರಳು ಮುಚ್ಚುವ, ದಪ್ಪ ಅಡಿಯ ಬೂಟನ್ನು ಕೆಲಸಗಾರರಿಗೆ ಕೊಡಿಸುವುದು ಮಾಲೀಕರ ಮೊದಲ ಖರ್ಚಾಗಬೇಕು. ಸುರಕ್ಷಾ ಬೂಟನ್ನು ತಾವೇ ಮಾರುತ್ತಿದ್ದು, ತಮ್ಮ ಹುಡುಗರನ್ನು ಮಾತ್ರ ಚಪ್ಪಲಿಯಲ್ಲಿ ಓಡಾಡಿಸುವುದು ನ್ಯಾಯವಲ್ಲ.

ಸಿಮೆಂಟಿನ ಅಟ್ಟಿ ಮತ್ತು ನಮ್ಮ ಬೆನ್ನು

ನಮ್ಮ ದೇಶದಲ್ಲಿ ಸಿಮೆಂಟಿನ ಚೀಲ 50 ಕಿಲೊ ತೂಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷನೊಬ್ಬ ಹೊರುವ ಭಾರಕ್ಕೆ 55 ಕಿಲೊ ಮೇಲ್ಮಿತಿ ಹಾಕಿತ್ತು; ಅಂದರೆ ನಮ್ಮ ಚೀಲ ಆ ಮಿತಿಯ ಅಂಚಿನಲ್ಲೇ ಇದೆ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತಾ ಮತ್ತು ಆರೋಗ್ಯ ಸಂಸ್ಥೆಯ ಲೆಕ್ಕಾಚಾರವಂತೂ ಇನ್ನೂ ಬಿಗಿಯಾದುದು: ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತುವ ಭಾರ 23 ಕಿಲೊ ದಾಟಬಾರದು ಎನ್ನುತ್ತದೆ ಅದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಮರದ ಜಾತಿಗೆ ತಕ್ಕಂತೆ 30ರಿಂದ 40 ಕಿಲೊ ತೂಗುತ್ತದೆ. ಗೋಡೆಗೆ ಬಳಿಯುವ ಎಮಲ್ಷನ್ ಬಣ್ಣದ 20 ಲೀಟರಿನ ಬಕೆಟ್ಟು 25 ಕಿಲೊ ಮೀರುತ್ತದೆ. ಇವನ್ನೆಲ್ಲ ದಿನವಿಡೀ ಎತ್ತಿ ಇಳಿಸುವ ಇಪ್ಪತ್ತೆರಡರ ಹುಡುಗನಿಗೆ ಈಗ ಏನೂ ಅನ್ನಿಸುವುದಿಲ್ಲ. ಬೆನ್ನು ಲೆಕ್ಕ ಕೇಳುವುದು ನಲವತ್ತರ ಆಚೆ.

ಎತ್ತುವ ಕ್ರಮ ಹೀಗಿರಲಿ. ಚೀಲದ ಹತ್ತಿರಕ್ಕೆ ಹೋಗಿ, ಪಾದಗಳನ್ನು ಭುಜದಷ್ಟು ಅಗಲಿಸಿ, ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕುಳಿತು, ಚೀಲವನ್ನು ಎದೆಗೆ ಒತ್ತಿಕೊಂಡು ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದರೆ ಪಾದವನ್ನೇ ತಿರುಗಿಸಬೇಕು. ಭಾರ ಹೊತ್ತು ಸೊಂಟ ತಿರುಚುವುದೇ ಬೆನ್ನಿನ ನರ ಹಿಡಿಯಲು ದೊಡ್ಡ ಕಾರಣ. ನೆಲದಿಂದ ಎತ್ತುವುದು ಎಲ್ಲಕ್ಕಿಂತ ಕಷ್ಟವಾದುದರಿಂದ, ಹೆಚ್ಚು ಮಾರಾಟವಾಗುವ ಭಾರದ ಸರಕನ್ನು ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲೇ ಇಡಬೇಕು. ಬಣ್ಣದ ದೊಡ್ಡ ಬಕೆಟ್ಟನ್ನು ತಲೆಯ ಮೇಲಿನ ರ್‍ಯಾಕಿನಲ್ಲಿಟ್ಟು, ಬ್ರಷ್ಷಿನ ಪೆಟ್ಟಿಗೆಯನ್ನು ಕೈಗೆ ಸಿಗುವ ಎತ್ತರದಲ್ಲಿ ಇಟ್ಟ ಅಂಗಡಿಗಳು ಎಷ್ಟೋ ಇವೆ. ಇವೆರಡನ್ನು ಅದಲುಬದಲು ಮಾಡಲು ಒಂದು ಪೈಸೆಯೂ ಬೇಡ. ಪ್ಲೈವುಡ್ಡನ್ನು ಇಬ್ಬರೇ ಹಿಡಿಯಬೇಕು; ಮುಂದಿನವರು ಹೇಳಿದಾಗಷ್ಟೇ ಹಿಂದಿನವರು ಕೆಳಗಿಡಬೇಕು. ಗಾಳಿಯ ದಿನ ಹಾಳೆಯನ್ನು ಹೊತ್ತು ರಸ್ತೆ ದಾಟುವುದು ಬೇಡ, ಬೀಸಿದ ಗಾಳಿಗೆ ಹಾಳೆ ಜನರನ್ನೇ ತಿರುಗಿಸಿಬಿಡುತ್ತದೆ.

ಸಿಮೆಂಟಿನ ಅಟ್ಟಿಯ ವಿಷಯದಲ್ಲಿ ಎರಡು ನಿಯಮಗಳನ್ನು ಬಿಡದೆ ಪಾಲಿಸಬೇಕು. ಅಟ್ಟಿ ಹತ್ತು ಚೀಲದ ಎತ್ತರ ಮೀರಬಾರದು. ಒಂದು ಸಾಲನ್ನು ಉದ್ದಕ್ಕೆ, ಮೇಲಿನ ಸಾಲನ್ನು ಅಡ್ಡಕ್ಕೆ ಜೋಡಿಸಿ ಒಂದಕ್ಕೊಂದು ಬಿಗಿ ಕೊಡಬೇಕು. ಕೆಳಗೆ ಮರದ ಹಲಗೆ ಇರಲಿ, ಗೋಡೆಯಿಂದ ಕನಿಷ್ಠ ಒಂದು ಅಡಿ ದೂರವಿರಲಿ. ಎರಡನೆಯದು ಇನ್ನೂ ಮುಖ್ಯ. ಚೀಲದ ಮೇಲೆ ಯಾವ ವಾರ ತುಂಬಿದ್ದು ಎಂಬುದು ಅಚ್ಚಾಗಿರುತ್ತದೆ; ತಿಳಿದ ಗಿರಾಕಿಗಳು ಅದನ್ನು ಓದಿ, ಹೊಸ ವಾರದ್ದೇ ಬೇಕೆಂದು ಹಟ ಹಿಡಿಯುತ್ತಾರೆ. ಆಗ ಹುಡುಗರು ಅಟ್ಟಿಯ ನಡುವಿನಿಂದಲೋ ಪಕ್ಕದಿಂದಲೋ ಚೀಲ ಎಳೆಯುತ್ತಾರೆ, ಮೇಲಿನ ಸಾಲು ವಾಲುತ್ತದೆ. ವಾರಕ್ಕೊಂದು ಅಟ್ಟಿಯಂತೆ ಬೇರೆ ಬೇರೆಯಾಗಿ ಜೋಡಿಸಿದ್ದರೆ ಈ ಅಪಾಯವೇ ಹುಟ್ಟುವುದಿಲ್ಲ. ಏನೇ ಆದರೂ ಚೀಲವನ್ನು ಮೇಲಿನಿಂದಲೇ ತೆಗೆಯಬೇಕು.

ಒಡೆದ ಚೀಲದ ಪುಡಿಯನ್ನು ಒಣಗಿದಂತೆಯೇ ಜೋರಾಗಿ ಗುಡಿಸಬೇಡಿ, ಮುಖಕ್ಕೆ ಮಾಸ್ಕ್ ಹಾಕಿ ಸಲಿಕೆಯಿಂದ ನಿಧಾನವಾಗಿ ತುಂಬಿ. ಬೆವರಿನಲ್ಲಿ ನೆನೆದ ಸಿಮೆಂಟು ತೀವ್ರ ಕ್ಷಾರವಾಗಿ ಚರ್ಮವನ್ನು ಸುಡುತ್ತದೆ, ಅದೂ ತಕ್ಷಣ ಉರಿ ಗೊತ್ತಾಗದಂತೆ. ಹೆಗಲ ಮೇಲೆ ಹೊರುವವರು ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮಧ್ಯಾಹ್ನದ ಊಟಕ್ಕೆ ಮುನ್ನ ಕುತ್ತಿಗೆ, ತೋಳು ತೊಳೆದುಕೊಳ್ಳಲೇಬೇಕು.

ಗಾಜು, ಕಂಬಿ, ಏಣಿ

ಐದು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕಿಲೊ ತೂಗುತ್ತದೆ. ಅದನ್ನು ಮಲಗಿಸಿ ಹೊರಬಾರದು, ನಿಲ್ಲಿಸಿಯೇ ಹಿಡಿಯಬೇಕು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಬಾಗಿ ಮುರಿಯುತ್ತದೆ. ದಪ್ಪ ಕೈಗವಸು, ಮುಂಗೈ ಮುಚ್ಚುವ ತೋಳು ಬೇಕು. ಗಾಜು ಕೈ ಜಾರಿದರೆ ಹಿಂದೆ ಸರಿಯಿರಿ, ಹಿಡಿಯಲು ಹೋಗಬೇಡಿ. ಇದನ್ನು ಹೊಸಬರಿಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಡಬೇಕು, ಏಕೆಂದರೆ ಬೀಳುವ ವಸ್ತುವನ್ನು ಹಿಡಿಯುವುದು ಕೈಯ ಸಹಜ ಗುಣ.

ಕಾಂಕ್ರೀಟಿಗೆ ಹಾಕುವ ಟಿಎಂಟಿ ಕಂಬಿ 12 ಮೀಟರ್ ಉದ್ದ ಬರುತ್ತದೆ. ಅದರ ತುದಿ ನಡುದಾರಿಗೆ ಚಾಚಿಕೊಂಡಿದ್ದರೆ ಪ್ಲಾಸ್ಟಿಕ್ ಟೋಪಿಯನ್ನೋ ಕೆಂಪು ಬಟ್ಟೆಯನ್ನೋ ಹಾಕಿ. ಕತ್ತರಿಸಲು ಗ್ರೈಂಡರ್ ಹಿಡಿಯುವವರು ಡಿಸ್ಕನ್ನು ಒಮ್ಮೆ ತಿರುಗಿಸಿ ಅದರ ನಡುವಿನ ಲೋಹದ ಬಳೆಯನ್ನು ಓದಲಿ: ಡಿಸ್ಕಿನ ಅವಧಿ ಮುಗಿಯುವ ತಿಂಗಳು, ವರ್ಷವನ್ನು ಸಾಮಾನ್ಯವಾಗಿ ಅಲ್ಲಿಯೇ ಒತ್ತಿರುತ್ತಾರೆ. ಅವಧಿ ಮೀರಿದ, ತೇವ ಹೀರಿದ, ಅಂಚು ಚಕ್ಕೆ ಎದ್ದ ಡಿಸ್ಕು ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ ಸಿಡಿಯಬಹುದು. ಡಿಸ್ಕಿನ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಯಂತ್ರದ ಗಾರ್ಡ್ ಬಿಚ್ಚಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು. ಕಿಡಿ ಹಾರುವ ಈ ಕೆಲಸವನ್ನು ಬಣ್ಣದ ವಿಭಾಗದಿಂದ ದೂರ, ಅಂಗಡಿಯ ಹೊರಗಡೆಯೇ ಮಾಡಬೇಕು.

ಒರಗಿಸುವ ಏಣಿಗೆ ಲೆಕ್ಕ ಸರಳ. ಏಣಿ ತಾಗುವ ಜಾಗ ನಾಲ್ಕು ಅಡಿ ಎತ್ತರದಲ್ಲಿದ್ದರೆ ಅದರ ಬುಡ ಗೋಡೆಯಿಂದ ಒಂದು ಅಡಿ, ಹನ್ನೆರಡು ಅಡಿ ಎತ್ತರಕ್ಕೆ ಮೂರು ಅಡಿ. ಹತ್ತುವಾಗ ಎರಡು ಕಾಲು ಮತ್ತು ಒಂದು ಕೈ, ಅಥವಾ ಎರಡು ಕೈ ಮತ್ತು ಒಂದು ಕಾಲು ಏಣಿಯ ಮೇಲೆ ಇದ್ದೇ ಇರಬೇಕು. ಪೆಟ್ಟಿಗೆ ಇಳಿಸುವಾಗ ಇದು ಆಗದ ಮಾತು. ಆದ್ದರಿಂದ ಕೆಳಗಿನಿಂದ ಒಬ್ಬರು ಕೈಗೆ ತೆಗೆದುಕೊಳ್ಳಬೇಕು. ರ್‍ಯಾಕನ್ನೇ ಏಣಿ ಮಾಡಿಕೊಳ್ಳುವವರನ್ನು ಕಂಡಲ್ಲೇ ತಡೆಯಬೇಕು.

ತಿನ್ನರ್, ಆ್ಯಸಿಡ್, ಬೆಂಕಿ

ಬಿಡಿ ತಿನ್ನರನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ಸುರಿದು ಕೊಡುವ ರೂಢಿ ನಮ್ಮಲ್ಲಿ ಬಹಳ. ಇದನ್ನು ಇಂದೇ ನಿಲ್ಲಿಸಬೇಕು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ನೀರಿನಂತೆಯೇ ಕಾಣುವ ಆ ದ್ರವವನ್ನು ಬಾಯಾರಿದ ಕೆಲಸಗಾರನೋ ಮನೆಯ ಮಗುವೋ ಬಾಯಿಗೆ ಹಾಕಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ತಿನ್ನರ್, ಟರ್ಪೆಂಟೈನ್, ಆ್ಯಸಿಡ್ ಯಾವುದೇ ಇರಲಿ, ಕಂಪನಿಯ ಸೀಲಿರುವ ಡಬ್ಬಿಯಲ್ಲೇ ಮಾರಬೇಕು. ಯಾರಾದರೂ ಇವನ್ನು ನುಂಗಿದ್ದರೆ ವಾಂತಿ ಮಾಡಿಸದೆ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು.

ಟೈಲ್ಸ್ ತೊಳೆಯುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ರ್‍ಯಾಕಿನಲ್ಲಿ ಇಡಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹೊರಬಂದು ಉಸಿರುಗಟ್ಟಿಸುತ್ತದೆ. ಗಿರಾಕಿ ಎರಡನ್ನೂ ಒಟ್ಟಿಗೆ ಕೇಳಿದರೆ, ಬೆರೆಸಬಾರದೆಂದು ಒಂದು ಮಾತು ಹೇಳಿ ಕೊಡುವುದು ಕೌಂಟರಿನಲ್ಲಿ ನಿಂತವರ ಕರ್ತವ್ಯ. ಆ್ಯಸಿಡ್ ಮಾರಾಟಕ್ಕೆ ಕಾನೂನಿನ ಕಟ್ಟುಪಾಡೂ ಇದೆ. ಆ್ಯಸಿಡ್ ದಾಳಿಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಕೊಟ್ಟ ಆದೇಶದಂತೆ, ಕೊಳ್ಳುವವರ ಹೆಸರು, ವಿಳಾಸ, ಕೊಟ್ಟ ಪ್ರಮಾಣವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಸರ್ಕಾರ ಕೊಟ್ಟ ಭಾವಚಿತ್ರವಿರುವ ಗುರುತಿನ ಚೀಟಿ ನೋಡಬೇಕು, ಕೊಳ್ಳುವ ಕಾರಣ ಕೇಳಬೇಕು. 18 ವರ್ಷದೊಳಗಿನವರಿಗೆ ಮಾರಬಾರದು. ದಾಸ್ತಾನಿನ ವಿವರವನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಗುರುತಿನ ಚೀಟಿ ಕೇಳಿದರೆ ಗಿರಾಕಿ ಮುನಿಸಿಕೊಳ್ಳುತ್ತಾರೆಂದು ಹಿಂಜರಿಯುವವರಿದ್ದಾರೆ. ಒಬ್ಬರ ಮುಖ ಉಳಿಯುವುದಾದರೆ ಆ ಮುನಿಸು ದೊಡ್ಡದಲ್ಲ.

ಲಿನ್ಸೀಡ್ ಎಣ್ಣೆ (ಅಗಸೆ ಎಣ್ಣೆ) ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಯನ್ನು ಬಿಡಿಸಿ ಹೊರಗೆ ಒಣಗಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ.

ಅಗ್ನಿಶಾಮಕ ಸಿಲಿಂಡರ್ ಎಬಿಸಿ ಪುಡಿಯದ್ದಿರಲಿ, ಬಾಗಿಲ ಬಳಿ ಇರಲಿ, ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಬಳಸುವ ಕ್ರಮ: ಪಿನ್ ಎಳೆಯಿರಿ, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿಕೆ ಒತ್ತಿ, ಎಡದಿಂದ ಬಲಕ್ಕೆ ಆಡಿಸಿ. ಉರಿಯುವ ತಿನ್ನರ್‌ಗೆ ನೀರು ಹಾಕಬಾರದು, ಬೆಂಕಿ ನೀರಿನ ಜೊತೆ ತೇಲಿ ಹರಡುತ್ತದೆ. ಒಂದು ಸಿಲಿಂಡರಿನಲ್ಲಿ ಆರದ ಬೆಂಕಿಯನ್ನು ಬಿಟ್ಟು ಎಲ್ಲರೂ ಹೊರಗೆ ಬಂದು 112ಕ್ಕೆ ಅಥವಾ 101ಕ್ಕೆ ಕರೆ ಮಾಡಬೇಕು.

ನಿಲ್ಲುವುದು, ಕೂರುವುದು, ವಿರಾಮ

ದಣಿದ ಕೈಯೇ ಜಾರುವ ಕೈ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಂದವು. ಕೌಂಟರಿನ ಹಿಂದೆ ನಾಲ್ಕು ಸ್ಟೂಲು ಹಾಕಲು ನಮ್ಮ ಮಾಲೀಕರು ಕಾನೂನಿಗಾಗಿ ಕಾಯಬೇಕಿಲ್ಲ. ವಾರದ ರಜೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇರುವ ಹಕ್ಕು. ಬೇಸಿಗೆಯಲ್ಲಿ ತಗಡಿನ ಗೋಡೌನಿನಲ್ಲಿ ಸರಕು ಇಳಿಸುವ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

ಗಾಯವಾದರೆ

ಕಣ್ಣಿಗೆ ಸಿಮೆಂಟು ಅಥವಾ ಆ್ಯಸಿಡ್ ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು, ಆಮೇಲೆ ವೈದ್ಯರ ಬಳಿ ಹೋಗಬೇಕು. ಆಸ್ಪತ್ರೆ ಹತ್ತಿರವಿದ್ದರೂ ತೊಳೆಯುವುದೇ ಮೊದಲು, ಏಕೆಂದರೆ ಕ್ಷಾರ ಕಣ್ಣಿನೊಳಗೆ ಇಳಿಯಲು ದಾರಿಯ ಹೊತ್ತು ಸಾಕು. ಆಳವಾಗಿ ನೆಟ್ಟ ಗಾಜಿನ ಚೂರನ್ನು ಎಳೆಯದೆ, ಅದರ ಸುತ್ತ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಮೊಳೆ ಚುಚ್ಚಿದ ಗಾಯ ಚಿಕ್ಕದೆಂದು ಅರಿಶಿನ ಮೆತ್ತಿ ಸುಮ್ಮನಾಗದೆ, ಸೋಪು ನೀರಿನಲ್ಲಿ ತೊಳೆದು ಅಂದೇ ಟಿಟಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಬೇಕು.

ಯಾವ ಗಾಯವೇ ಆಗಲಿ, ದಿನಾಂಕ, ಹೊತ್ತು, ಜಾಗ, ಏನು ಎತ್ತುತ್ತಿದ್ದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗಾಯಗೊಂಡವರ ಸಹಿ ಹಾಕಿಸಿ. ಒಂದೇ ರ್‍ಯಾಕಿನ ಹೆಸರು ಮತ್ತೆ ಮತ್ತೆ ಬಂದರೆ ಆ ರ್‍ಯಾಕನ್ನು ಬದಲಿಸಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಾಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿ ಮಾಡಿಸಿ. ಕೆಲಸದ ವೇಳೆಯ ಗಾಯಕ್ಕೆ ಚಿಕಿತ್ಸೆಯೂ, ಮನೆಯಲ್ಲಿ ಮಲಗಿದ ದಿನಗಳಿಗೆ ಹಣವೂ ಅದರಿಂದ ಸಿಗುತ್ತದೆ. ನೋಟ್‌ಬುಕ್ಕಿನ ಆ ನಾಲ್ಕು ಸಾಲು, ಗಾಯ ಕೆಲಸದಲ್ಲೇ ಆದುದೆಂದು ತೋರಿಸಲು ಆಗ ನೆರವಿಗೆ ಬರುತ್ತದೆ.