ಹಳೇ ಲೆನ್ಸು, ಮಡಚೋ ಸ್ಟೂಲು, 11 ಕಾರ್ನರ್

ಮೊದಲೇ ಹೇಳಿಬಿಡುತ್ತೇನೆ: ಒಂದು ಫುಟ್‌ಬಾಲ್ ಮ್ಯಾಚಿನಲ್ಲಿ ಸುಮಾರು 210 ಫೋಟೊ ತೆಗೆದೆ, ಅದರಲ್ಲಿ 19 ಇಟ್ಟುಕೊಂಡೆ. ಹೋದ ಬೇಸಿಗೆಯಲ್ಲಿ ನಾಲ್ಕು ಮ್ಯಾಚಿಗೆ 2,800 ಹತ್ತಿರ ಹೊಡೆದು, ತೋರಿಸೋ ಹಾಗಿದ್ದದ್ದು ಮೂವತ್ತೋ ಏನೋ. ಆಟೋಫೋಕಸ್ಸೇ ಇಲ್ಲದ ಲೆನ್ಸಿನಲ್ಲಿ ಫುಟ್‌ಬಾಲ್ ತೆಗೀತೀನಿ ಅಂದಾಗ ಲಂಡನ್ನಿನ ಕ್ರಾಯ್ಡನ್‌ನಲ್ಲಿರುವ ನಮ್ಮ ಹಾಸನದ ಗೆಳೆಯ "ಲೇ, ಅದರಲ್ಲಿ ನಿಂತಿರೋ ಎಮ್ಮೆ ತೆಗಿ ಸಾಕು" ಅಂದಿದ್ದ. ಈಗ ಅವನೇ ಎರಡು ಫೋಟೊ ಕೇಳಿ ಇಸ್ಕೊಂಡಿದ್ದಾನೆ.

ಕ್ಲಬ್ಬಿನ ಹೆಸರು ಬೇಡ. ಇಂಗ್ಲೆಂಡಿನ ಕಂಬೈನ್ಡ್ ಕೌಂಟೀಸ್ ಲೀಗಿನದು, ಪ್ರೀಮಿಯರ್ ಲೀಗನ್ನು ಒಂದು ಅಂತ ಎಣಿಸಿದರೆ ಒಂಬತ್ತನೇ ಮೆಟ್ಟಿಲು. ಒಂದು ಜುಲೈ ಮಂಗಳವಾರ, ಸೀಸನ್ ಮುಂಚಿನ ಫ್ರೆಂಡ್ಲಿ (ಲೀಗಿನ ಲೆಕ್ಕಕ್ಕೆ ಬರದ ಅಭ್ಯಾಸದ ಆಟ), ಸಂಜೆ 7.45ಕ್ಕೆ ಶುರು, ಟಿಕೆಟ್ 5 ಪೌಂಡು. ದೊಡ್ಡ ಲೀಗುಗಳಲ್ಲಿ ಲೈಸೆನ್ಸ್ ಇಲ್ಲದೆ ಗೆರೆ ಹತ್ತಿರ ಕೂರೋಕೆ ಆಗಲ್ಲ. ಇಲ್ಲಿ ಸೆಕ್ರೆಟರಿಗೆ ಎರಡು ದಿನ ಮುಂಚೆ ಒಂದು ಮೇಲ್ ಹಾಕಿದರೆ ಹಳದಿ ಜಾಕೆಟ್ ಕೊಟ್ಟು ಕಂಬಿಯ ಒಳಗೆ ಬಿಡುತ್ತಾರೆ. ಹದಿನೆಂಟು ತುಂಬದ ಹುಡುಗರು ಯಾರು ಅಂತ ಆಗಲೇ ಕೇಳಿಕೊಳ್ಳಿ. ಫ್ರೆಂಡ್ಲಿಯಲ್ಲಿ ಅಂಥವರು ಜಾಸ್ತಿ, ಅವರ ಫೋಟೊ ಕೇಳದೆ ಎಲ್ಲೂ ಹಾಕೋ ಹಾಗಿಲ್ಲ.

ಹೋದ ವರ್ಷದ ಕಥೆ ಕೇಳಬೇಡಿ. 70-200 ಜೂಮ್ ಲೆನ್ಸ್ ಬಾಡಿಗೆಗೆ ತಂದಿದ್ದೆ, ಒಂದೊಂದು ಸಲಕ್ಕೂ 45-50 ಪೌಂಡು. ಚೆಂಡು ಎಲ್ಲಿಗೆ ಹೋದರೆ ಅಲ್ಲಿಗೆ ಕ್ಯಾಮೆರಾ ತಿರುಗಿಸಿದೆ. ಬಂದದ್ದು ಬರೀ ಬೆನ್ನು. ಆಟಗಾರ ಮಸುಕು, ಹಿಂದಿನ ಪ್ಲಂಬರ್ ಜಾಹೀರಾತಿನ ಹಲಗೆಯ ಫೋನ್ ನಂಬರ್ ಮಾತ್ರ ಸ್ಪಷ್ಟ. ಹೀಗೆ ನಾಲ್ಕು ಸಲ. ರೈಲು, ಚಿಪ್ಸು ಎಲ್ಲಾ ಸೇರಿ 250 ಪೌಂಡ್ ದಾಟಿತ್ತು. ಹೆಂಡತಿ ಲೆಕ್ಕ ಕೇಳಿದಾಗ ಬಾಡಿಗೆ ದುಡ್ಡಿನ ಮಾತನ್ನ ಸುಮ್ನೆ ನುಂಗಿಕೊಂಡೆ.

ಈ ಸಲ ಸೆಕೆಂಡ್ ಹ್ಯಾಂಡಿನಲ್ಲಿ ನಿಕಾನಿನ ಹಳೇ 300 ಎಂಎಂ ಲೆನ್ಸು, ಎಫ್ 4.5 (ಬೆಳಕು ಬಿಡೋ ಕಿಂಡಿಯ ಅಳತೆ), ಕೈಯಲ್ಲೇ ಫೋಕಸ್ ತಿರುಗಿಸೋದು, 90 ಚಿಲ್ಲರೆ ಪೌಂಡಿಗೆ ಸಿಕ್ಕಿತು. ನನ್ನ ಡಿ750 ಕ್ಯಾಮೆರಾಗೆ ಕೂರುತ್ತದೆ. ಗೋಲ್ ಗೆರೆಯ ಹಿಂದೆ, ಪೆನಾಲ್ಟಿ ಬಾಕ್ಸಿನಿಂದ ಸ್ವಲ್ಪ ಆಚೆ, ಮೀನು ಹಿಡಿಯೋರ ಮಡಚೋ ಸ್ಟೂಲು ಹಾಕಿ ಕೂತೆ. ಫೋಕಸ್ಸನ್ನ ಗೋಲಿನ ಮುಂದಿನ ಚಿಕ್ಕ ಬಾಕ್ಸಿನ ಗೆರೆಗೆ, ಅಂದಾಜು 25 ಮೀಟರ್ ದೂರಕ್ಕೆ, ಕೂರಿಸಿ ಟೇಪ್ ಸುತ್ತಿಬಿಟ್ಟೆ. ಅಷ್ಟು ದೂರದಲ್ಲಿ ಎಫ್ 4.5ಗೆ ಎರಡು ಮೀಟರಿಗೆ ಸ್ವಲ್ಪ ಕಮ್ಮಿ ಆಳ ಸ್ಪಷ್ಟ ಸಿಗುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಮೂರು ಮೀಟರ್ ಎತ್ತರ, ಅಂದರೆ ಹೆಡ್ಡರಿಗೆ (ತಲೆಯಿಂದ ಚೆಂಡು ಹೊಡೆಯೋಕೆ) ಹಾರಿದವನ ಬೂಟಿನಿಂದ ತಲೆ ಮೇಲಿನ ಚೆಂಡಿನ ತನಕ ಸರಿಯಾಗಿ ಹಿಡಿಸುತ್ತದೆ. ಆಮೇಲೆ ಕೆಲಸವೇ ಇಲ್ಲ. ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಗೋಲಿನ ಮುಂದಕ್ಕೆ ಚೆಂಡು ಒದೆಯೋದು, ಬರೋ ತನಕ ಕಾಯೋದು ಅಷ್ಟೇ.

ಚೆಂಡು ನೋಡಲೇಬಾರದು. ಎತ್ತರದ ಡಿಫೆಂಡರ್ ಒಬ್ಬನನ್ನ ಗುರುತು ಮಾಡಿಕೊಂಡು ಅವನ ಮಂಡಿ ನೋಡಬೇಕು. ಮಂಡಿ ಬಗ್ಗಿತು ಅಂದರೆ ಒತ್ತು, ನಾಲ್ಕೈದು ಫ್ರೇಮ್, ಬಿಡು. ಯಾವ ಮೂಲೆಯಲ್ಲಿ ಕೂರೋದು ಅಂತ ಹೇಗೆ ಆರಿಸುತ್ತೇನೆ ಅನ್ನೋದನ್ನ ಮಾತ್ರ ಹೇಳಲ್ಲ, ಅದಕ್ಕೆ ಎರಡು ಬೇಸಿಗೆ ಹೋಗಿದೆ. ಅರ್ಧ ಆಟ ಮುಗಿದಾಗ ಸ್ಟೂಲು ಎತ್ತಿಕೊಂಡು ಆ ಕಡೆಗೆ ಹೋಗೋದಂತೂ ಇದ್ದೇ ಇದೆ. ಇಲ್ಲಿನ ಪ್ರೇಕ್ಷಕರೇ ತಮ್ಮ ಟೀಮು ಗೋಲ್ ಹೊಡೆಯೋ ಕಡೆಗೆ ಬಿಯರ್ ಗ್ಲಾಸ್ ಹಿಡಿದು ಜಾಗ ಬದಲಾಯಿಸುತ್ತಾರೆ.

ಬೆಳಕು 8.30ರ ತನಕ ಬೆಣ್ಣೆ. ಶಟರ್ ಸೆಕೆಂಡಿನ 1/1000, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600 ಸಾಕಾಯಿತು. ಒಂಬತ್ತರ ಮೇಲೆ ಫ್ಲಡ್‌ಲೈಟ್ ಹಾಕಿದರು, ಅಲ್ಲಿಗೆ ಶನಿ ಶುರು. ಇಲ್ಲಿನ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಒಂದು ಫ್ರೇಮು ಹಳದಿ, ಮುಂದಿನದು ಕತ್ತಲು. ನನ್ನ ಕ್ಯಾಮೆರಾದಲ್ಲಿ ಅದಕ್ಕೆ ಮದ್ದಿಲ್ಲ. ಕೊನೇ ಮೂರು ಕಾರ್ನರ್ ಹೆಚ್ಚುಕಮ್ಮಿ ಹಾಗೇ ಹೋದವು. ಆ ಹೊತ್ತಿಗೆ ತಲೆಹರಟೆ ಬೇರೆ: ಟೇಪ್ ಕಿತ್ತು 1/30ರಲ್ಲಿ, ಪಕ್ಕದ ಗೆರೆಯಲ್ಲಿ ಓಡೋ ವಿಂಗರ್ ಜೊತೆ ಲೆನ್ಸ್ ತಿರುಗಿಸುತ್ತಾ ಅರವತ್ತು ಹೊಡೆದೆ. ಒಂದು ಬಂತು. ಅದರಲ್ಲೂ ಅವನ ತಲೆ ಮಾತ್ರ ನಿಂತಿದೆ, ಕಾಲು ಎಲ್ಲೋ ಕರಗಿಹೋಗಿದೆ. ನನಗಂತೂ ಇಷ್ಟ.

ಇನ್ನೊಂದು ಗೋಳು ಹೆಸರಿನದು. ಸೀಸನ್ ಮುಂಚಿನ ಆಟದಲ್ಲಿ ಅರ್ಧಕ್ಕರ್ಧ ಹುಡುಗರು ಟ್ರಯಲ್‌ಗೆ ಬಂದವರು, ಪಟ್ಟಿಯಲ್ಲಿ ಬರೀ 'ಟ್ರಯಲಿಸ್ಟ್' ಅಂತ ಇರುತ್ತದೆ. ಅರ್ಧ ಆಟದ ಮೇಲೆ ಹನ್ನೊಂದೂ ಜನ ಬದಲು. ಗೋಡೆಗೆ ಅಂಟಿಸಿದ ಪಟ್ಟಿಯನ್ನ ಫೋನಿನಲ್ಲಿ ತೆಗೆದುಕೊಂಡಿದ್ದರೂ 14 ನಂಬರಿನವನು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಇಟ್ಟುಕೊಂಡ 19ರಲ್ಲಿ ಅತಿ ಚೆನ್ನಾಗಿರೋದು ಅವನದೇ: ಗೋಲ್‌ಕೀಪರನ ಕೈಗಿಂತ ಮೇಲೆ ಹಣೆ, ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾನೆ, ಕೂದಲಿಂದ ಬೆವರು ಹಾರಿ ಸಂಜೆ ಬಿಸಿಲಲ್ಲಿ ನಿಂತಿದೆ.

ಕ್ಲಬ್ಬು ಆರು ಫೋಟೊ ತಗೊಂಡಿತು. ದುಡ್ಡಿಲ್ಲ, ಆದರೆ ಈ ಸೀಸನ್ ಗೇಟಿನಲ್ಲಿ ಟಿಕೆಟ್ ಕೇಳಲ್ಲವಂತೆ, ಟೀ ಕೂಡ ಫ್ರೀ. 14ನೇ ನಂಬರನ್ನ ಅವರು ಟೀಮಿಗೆ ತಗೊಳ್ಳಲಿಲ್ಲ. ಮುಂದಿನ ಶನಿವಾರ ಬೇರೆ ಮೈದಾನದಲ್ಲಿ ಸ್ಟೂಲು ಹಾಕುತ್ತಿದ್ದೆ, ವಾರ್ಮ್‌ಅಪ್ ಮಾಡುತ್ತಿದ್ದ ಒಬ್ಬ ನನ್ನ ನೋಡಿ ಕೈ ಎತ್ತಿದ. ಅವನೇ. ಈ ಸಲ 17 ನಂಬರ್, ಪಟ್ಟಿಯಲ್ಲಿ ಮತ್ತೆ ಟ್ರಯಲಿಸ್ಟ್.