ಗಾಲಪಗೋಸ್ ಕ್ರೂಸ್: ನೀರಿಗಿಳಿಯುವ ದಿನಕ್ಕೆ ಒಂದಿಷ್ಟು ತಯಾರಿ

ಈಕ್ವೆಡಾರ್ ದೇಶದ ಗಾಲಪಗೋಸ್ ದ್ವೀಪಗಳಿಗೆ ಜೂನ್‌ನಿಂದ ನವೆಂಬರ್ ಒಳಗೆ ಹೋಗುವುದಾದರೆ ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ಉಡುಪು) ಕೇಳಿ ಪಡೆಯಿರಿ. ಭೂಮಧ್ಯರೇಖೆ ಅಲ್ವಾ ಅಂತ ಸುಮ್ನೆ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ. ಹಂಬೋಲ್ಟ್ ಎಂಬ ಸಾಗರ ಪ್ರವಾಹದ ತಣ್ಣೀರು ಅದು.

ಬೆಳಗ್ಗೆ ದ್ವೀಪದಲ್ಲಿ ಗೈಡ್ ಜೊತೆಗೇ ನಡೆಯಬೇಕು. ಪ್ರಾಣಿಗಳಿಂದ 2 ಮೀಟರ್ ದೂರ, ಫ್ಲ್ಯಾಶ್ ಬೇಡ. ಕಪ್ಪು ಬಂಡೆಯ ಮೇಲೆ ಕಡಲ ಇಗ್ವಾನಾಗಳು (ದೊಡ್ಡ ಹಲ್ಲಿಯಂಥವು) ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಸ್ವಲ್ಪ ಹೊತ್ತು ನಿಂತು ನೋಡಿ. ಫುಸ್ ಅಂತ ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ, ಅದು ಒಣಗಿ ತಲೆ ಬೆಳ್ಳಗಾಗುತ್ತದೆ. ನನಗಂತೂ ದೈತ್ಯ ಆಮೆಗಿಂತ ಇವೇ ಇಷ್ಟ.

ನೀರೊಳಗೆ ನೋಡಲು ಹಾಕುವ ಮಾಸ್ಕನ್ನು ಬೋಟಿನಲ್ಲೇ ಪರೀಕ್ಷಿಸಿ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಿರಿ. ಬೀಳದಿದ್ದರೆ ಸರಿ. ನನ್ನಂತೆ ಮೀಸೆ ಇದ್ದವರಿಗೆ ಹೇಗೂ ಸ್ವಲ್ಪ ಸೋರುತ್ತದೆ. ಸೀ ಲಯನ್ (ಕಡಲ ಸಿಂಹ) ಮರಿ ಮುಖದ ಹತ್ತಿರವೇ ಗಿರಕಿ ಹೊಡೆದರೂ ಕೈ ಚಾಚಬೇಡಿ. ದೊಡ್ಡ ಗಂಡು ಬೊಗಳಿದರೆ ಮಾತ್ರ ಆ ಜಾಗ ಬಿಟ್ಟುಬಿಡಿ.